ಹಾಡಿ ಗಳಿಸಿದ ದುಡ್ಡಲ್ಲಿ ನೆಲ ಕೊಂಡ ನಾಗರತ್ನಮ್ಮ

1905ರಿಂದ 1934ರವರೆಗೆ 146 ಊರುಗಳಲ್ಲಿ 1235 ಕಛೇರಿ. ಬೆಂಗಳೂರು ನಾಗರತ್ನಮ್ಮನವರ ಬಗ್ಗೆ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಈ ಲೆಕ್ಕ. ಓದಿದ ಕೂಡಲೇ ಮೊಬೈಲ್ ತೆಗೆದು ಭಾಗಿಸಿ ನೋಡಿದೆ. ವರ್ಷಕ್ಕೆ ನಲವತ್ತೊಂದು. ಅಂದರೆ ಒಂಬತ್ತು ದಿನಕ್ಕೊಂದು ಕಛೇರಿ, ಅದೂ ಮೂವತ್ತು ವರ್ಷ! ಆಗ ಮೊಬೈಲ್ ಇಲ್ಲ, ಟ್ಯಾಕ್ಸಿ ಬುಕ್ ಮಾಡುವಂತಿಲ್ಲ. ರೈಲು ಇಳಿದು ಎತ್ತಿನ ಗಾಡಿ ಹತ್ತಬೇಕು. ಜೊತೆಗೆ ತಂಬೂರಿ, ಪಿಟೀಲಿನವರು, ಮೃದಂಗದವರು, ಅವರೆಲ್ಲರ ಊಟ-ವಸತಿ. ನಮ್ಮ ಬುಕ್ಕಾಂಬುಧಿಯಿಂದ ಅಜ್ಜಂಪುರಕ್ಕೆ ಹೋಗಿ ಒಂದು ಆರ್ಕೆಸ್ಟ್ರಾದಲ್ಲಿ ನಾಲ್ಕು ಹಾಡು ಹಾಡಿ ರಾತ್ರಿ ವಾಪಸ್ ಬರುವುದಕ್ಕೇ ನಮ್ಮ ಮನೆಯಲ್ಲಿ ಎಂಟು ದಿನ ಚರ್ಚೆ ನಡೆಯುತ್ತದೆ.

ಡಿಗ್ರಿ ಮುಗಿದು ಎರಡು ವರ್ಷವಾಯಿತು. ಬೆಳಿಗ್ಗೆ ಎಫ್‌ಡಿಎ ಪರೀಕ್ಷೆಗೆ ಓದುತ್ತೇನೆ, ಸಂಜೆ ಊರಿನ ಐದಾರು ಮಕ್ಕಳಿಗೆ ಸರಳೆ, ಜಂಟಿ ಹೇಳಿಕೊಡುತ್ತೇನೆ. ಹಾಡುವುದನ್ನೇ ಉದ್ಯೋಗ ಮಾಡಿಕೊಳ್ಳಲೇ ಎಂದರೆ ಕೆಲವರು ನಗುತ್ತಾರೆ, ಉಳಿದವರು ರಿಯಾಲಿಟಿ ಶೋ ಆಡಿಷನ್ ಯಾವಾಗ ಅಂತ ಕೇಳುತ್ತಾರೆ. ಕಳೆದ ವರ್ಷ ಒಂದು ಸಮಾರಂಭದಲ್ಲಿ ಎರಡೂವರೆ ಗಂಟೆ ಹಾಡಿಸಿಕೊಂಡು, ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ನಿಮಗೆ ಒಳ್ಳೆಯ ಪ್ರಚಾರ ಸಿಕ್ಕಿತಲ್ಲ ಎಂದರು. ಶಾಮಿಯಾನದವರಿಗೆ, ಮೈಕಿನವರಿಗೆ, ಅಡುಗೆಯವರಿಗೆ ದುಡ್ಡು ಸಂದಾಯವಾಗಿತ್ತು. ಪ್ರಚಾರದ ಸಂಬಳ ನನಗೊಬ್ಬಳಿಗೇ. ಆ ಹೊತ್ತಿನಲ್ಲಿ ಸಿಕ್ಕವರು ಈ ನಾಗರತ್ನಮ್ಮ. ಕಂಪನಿಯ ಹಂಗಿಲ್ಲದೆ ಊರೂರು ಸುತ್ತಿ ಹಾಡಿ ಬದುಕು ಕಟ್ಟಿಕೊಳ್ಳುವವರನ್ನು ಈಗ ನಾವು ಇಂಡಿಪೆಂಡೆಂಟ್ ಆರ್ಟಿಸ್ಟ್ ಅನ್ನುತ್ತೇವೆ. ಆ ಪದ ಹುಟ್ಟುವ ಮೊದಲೇ ಇವರು ಆ ಬಾಳು ಬಾಳಿದ್ದರು.

ಹುಟ್ಟಿದ್ದು 1878ರ ನವೆಂಬರ್ 3ರಂದು, ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಿ ದೇವದಾಸಿ ಮನೆತನದವರು. ಅವರಿಗೆ ಆಸರೆಯಾಗಿದ್ದ ವಕೀಲ ಸುಬ್ಬರಾವ್ ಮಗು ನಡೆಯಲು ಕಲಿಯುವ ಹೊತ್ತಿಗೆ ಕೈಬಿಟ್ಟರು. ಮೈಸೂರಿನಲ್ಲಿ ಸಂಸ್ಕೃತ ವಿದ್ವಾಂಸ ಗಿರಿಭಟ್ಟ ತಿಮ್ಮಯ್ಯನವರ ಆಶ್ರಯ ಸಿಕ್ಕಿತು. ಹುಡುಗಿ ಬಲು ಚುರುಕು, ಸಂಸ್ಕೃತವನ್ನೂ ಸಂಗೀತವನ್ನೂ ಬೇಗ ಕಲಿತಳು. ಆದರೆ ತಿಮ್ಮಯ್ಯನವರ ಮನಸ್ಸು ಮುರಿಯಿತು, ಆ ಮನೆಯ ಬಾಗಿಲೂ ಮುಚ್ಚಿತು. ತಾಯಿ ಮಗಳ ಕೈ ಹಿಡಿದು ಗುರುಗಳನ್ನು ಹುಡುಕಿಕೊಂಡು ಕಂಚಿ, ಮದರಾಸು ಅಲೆದು ಕೊನೆಗೆ ಬೆಂಗಳೂರಿಗೆ ಬಂದರು. ಇಲ್ಲಿ ಸಿಕ್ಕ ಗುರು ಮುನುಸ್ವಾಮಪ್ಪ. ಇವರು ವಾಲಾಜಾಪೇಟೆಯ ಶಿಷ್ಯಪರಂಪರೆಗೆ ಸೇರಿದವರು, ಅದರ ಮೂಲಕ ನೇರವಾಗಿ ತ್ಯಾಗರಾಜರಿಗೇ ಸಲ್ಲುವವರು. ಈ ಸಂಗತಿ ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಹದಿನಾಲ್ಕನೇ ವಯಸ್ಸಿಗೆ ತಾಯಿಯೂ ಹೋದರು. ಅಪ್ಪ ಇಲ್ಲ, ಅಮ್ಮ ಇಲ್ಲ, ಸಮಾಜದಲ್ಲಿ ಯಾವ ಸ್ಥಾನ ಅಂತ ಎಲ್ಲರಿಗೂ ಗೊತ್ತು. ಕೈಲಿದ್ದದ್ದು ಸಂಗೀತ, ನೃತ್ಯ, ನಾಲ್ಕು ಭಾಷೆ. ವರ್ಷ ಕಳೆಯುವುದರೊಳಗೆ ವಿದ್ವಾಂಸರ ಸಭೆಯಲ್ಲಿ ಹಾಡಿದರು, ಮೈಸೂರು ಅರಮನೆಯಲ್ಲೂ ಹಾಡಿದರು, ಆಸ್ಥಾನ ವಿದುಷಿಯಾದರು.

ಅರಮನೆಯ ಮನ್ನಣೆ ಅಂದರೆ ಆಗ ಈಗಿನ ಸರ್ಕಾರಿ ನೌಕರಿ ಇದ್ದಂತೆ. ಅದು ಕೆಟ್ಟ ದಾರಿಯೇನಲ್ಲ. ನಮ್ಮ ಕಡೂರಿನ ಹೆಮ್ಮೆ, 1906ರಲ್ಲಿ ತಂಗಲಿ ತಾಂಡಾದ ಲಂಬಾಣಿ ಮನೆಯಲ್ಲಿ ಹುಟ್ಟಿದ ವೆಂಕಟಲಕ್ಷಮ್ಮನವರು ಜಟ್ಟಿ ತಾಯಮ್ಮನವರ ಬಳಿ ಕಲಿತು, ಅದೇ ಅರಮನೆಯ ಆಸ್ಥಾನ ನರ್ತಕಿಯಾಗಿ ಮೈಸೂರು ಶೈಲಿಯ ಭರತನಾಟ್ಯವನ್ನು ಉಳಿಸಿದರು. ನಾಗರತ್ನಮ್ಮ ಮಾತ್ರ ಅಲ್ಲಿಗೇ ನಿಲ್ಲಲಿಲ್ಲ. ಬೆಂಗಳೂರಿಗೆ ಬಂದರು. ಅಲ್ಲಿ ಅವರ ಬೆನ್ನಿಗಿದ್ದವರು ನ್ಯಾಯಾಧೀಶ ನರಹರಿರಾಯರು, ನರಹರಿರಾಯನ ಗುಡ್ಡ ಅಂತ ಬೆಂಗಳೂರಿನಲ್ಲಿ ಇದೆಯಲ್ಲ, ಅದೇ ಹೆಸರಿನವರು. ಶ್ರೀಮಂತರ ಆಸರೆ ಇಲ್ಲದೆ ಕಲಾವಿದೆ ಬದುಕುವುದು ಆ ಕಾಲದಲ್ಲಿ ಆಗದ ಮಾತು. ಇವರು ಎಲ್ಲವನ್ನೂ ಒಂಟಿಯಾಗಿ ಗೆದ್ದರು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ನಿಜವಾಗುವುದಿಲ್ಲ. ಆದರೆ ಆಸರೆಯನ್ನೇ ಬದುಕು ಮಾಡಿಕೊಳ್ಳಲಿಲ್ಲ ಎಂಬುದು ನಿಜ. ಇಪ್ಪತ್ತೈದರ ಸುಮಾರಿಗೆ ಮದರಾಸಿಗೆ ಹೊರಟರು. ಆಗ ಸಂಗೀತದ ಮಾರುಕಟ್ಟೆ ಇದ್ದದ್ದು ಅಲ್ಲಿ. ಜಾರ್ಜ್ ಟೌನಿನ ಸಾಹುಕಾರರ ಮನೆಯ ಮದುವೆಗಳು, ದೇವಸ್ಥಾನದ ಉತ್ಸವಗಳು, ಹೊಸದಾಗಿ ಹುಟ್ಟಿದ್ದ ಸಭೆಗಳು, ಗ್ರಾಮಫೋನ್ ಕಂಪನಿಗಳು, ಎಲ್ಲ ಅಲ್ಲೇ.

ಪರ ಊರಿಗೆ ಹೋದವರು ಹೆಸರಿನ ಮುಂದೆ ತಮ್ಮ ಊರು ಸೇರಿಸಿಕೊಳ್ಳುವುದು ಸಂಗೀತದವರ ವಾಡಿಕೆ. ಹುಟ್ಟಿದ್ದು ನಂಜನಗೂಡಾದರೂ ಇವರು ಕೊನೆಯವರೆಗೂ ಬೆಂಗಳೂರು ನಾಗರತ್ನಮ್ಮ ಆಗಿಯೇ ಉಳಿದರು. ಕಛೇರಿಯ ಜೊತೆಗೆ ಹರಿಕಥೆಯನ್ನೂ ಮಾಡಿದರು, ರೆಕಾರ್ಡುಗಳಿಗೂ ಹಾಡಿದರು. ಹೆಂಗಸರಿಗೆ ಪಕ್ಕವಾದ್ಯ ನುಡಿಸುವುದೇ ಅವಮಾನ ಎಂದುಕೊಳ್ಳುವ ವಿದ್ವಾಂಸರಿದ್ದ ಕಾಲ ಅದು. ಅಂಥದ್ದರಲ್ಲಿ 1235 ಕಛೇರಿ! ಮದರಾಸಿನಲ್ಲಿ ಆದಾಯ ತೆರಿಗೆ ಕಟ್ಟಿದ ಮೊದಲ ಕಲಾವಿದೆ ಇವರೇ ಎನ್ನುತ್ತಾರೆ. ನಾಲ್ಕು ಹಾಡಿಗೆ ಐನೂರು ಕೇಳಲು ನಾಚಿಕೊಳ್ಳುವ ನನಗೆ ಈ ಒಂದು ವಾಕ್ಯ ದೊಡ್ಡ ಧೈರ್ಯ ಕೊಟ್ಟಿತು. ತೆರಿಗೆ ಕಟ್ಟಬೇಕಾದರೆ ಆದಾಯ ಇರಬೇಕು, ಇಷ್ಟು ಬಂತು ಅಂತ ತೋರಿಸುವ ಲೆಕ್ಕ ಇರಬೇಕು, ಇದು ನನ್ನ ದುಡಿಮೆ ಎಂದು ಹೇಳುವ ಗಟ್ಟಿತನವೂ ಇರಬೇಕು.

ದುಡ್ಡು ಬಂದ ಮೇಲೆ ಏನು ಮಾಡಿದರು ಎಂಬುದೇ ಇವರ ಬದುಕಿನ ನಿಜವಾದ ಕಥೆ.

ಮೊದಲನೆಯದು ಒಂದು ಪುಸ್ತಕ. ತಂಜಾವೂರಿನ ಪ್ರತಾಪಸಿಂಹ ರಾಜನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ಕವಯಿತ್ರಿ ಹದಿನೆಂಟನೇ ಶತಮಾನದಲ್ಲಿ ರಾಧಿಕಾ ಸಾಂತ್ವನಮು ಎಂಬ ತೆಲುಗು ಕಾವ್ಯ ಬರೆದಿದ್ದಳು. ರಾಧೆ, ಕೃಷ್ಣ, ಇಳಾದೇವಿಯರ ಶೃಂಗಾರದ ಕಥೆ. ನಾಗರತ್ನಮ್ಮನವರಿಗೆ ಸಿಕ್ಕ ಅಚ್ಚಿನ ಪ್ರತಿಯಲ್ಲಿ ಕವಯಿತ್ರಿ ತನ್ನ ಬಗ್ಗೆ, ತನ್ನ ಅಜ್ಜಿ-ತಾಯಂದಿರ ಬಗ್ಗೆ ಹೇಳಿಕೊಂಡ ಪದ್ಯಗಳೇ ಮಾಯವಾಗಿದ್ದವು. ಆಮೇಲೆ ಕೈಬರಹದ ಪ್ರತಿ ಸಿಕ್ಕಿತು. ಎರಡನ್ನೂ ಹೋಲಿಸಿ, ಬಿಟ್ಟದ್ದನ್ನೆಲ್ಲ ಸೇರಿಸಿ 1910ರಲ್ಲಿ ವಾವಿಳ್ಳ ಪ್ರಕಾಶನದಿಂದ ಹೊರತಂದರು. ಗಲಾಟೆ ಶುರುವಾಯಿತು. ತೆಲುಗಿನ ದೊಡ್ಡ ಸುಧಾರಕ ಕಂದುಕೂರಿ ವೀರೇಶಲಿಂಗಂ ಇದನ್ನು ಅಶ್ಲೀಲ ಎಂದರು. ನಾಗರತ್ನಮ್ಮ ಸುಮ್ಮನಿರಲಿಲ್ಲ. ಗಂಡಸರು ಬರೆದ ಶೃಂಗಾರ ಕಾವ್ಯಗಳನ್ನು ಮೆಚ್ಚುವ ಪಂಡಿತರಿಗೆ ಹೆಣ್ಣು ಬರೆದಾಗ ಮಾತ್ರ ನಾಚಿಕೆ ಏಕೆ ಎಂಬುದು ಅವರ ವಾದವಾಗಿತ್ತು. ಬ್ರಿಟಿಷ್ ಸರ್ಕಾರ ಪ್ರತಿಗಳನ್ನು ಜಪ್ತಿ ಮಾಡಿ ಪುಸ್ತಕವನ್ನು ನಿಷೇಧಿಸಿತು. ನಿಷೇಧ ತೆರವಾದದ್ದು 1947ರಲ್ಲಿ, ಟಂಗುಟೂರಿ ಪ್ರಕಾಶಂ ಮದರಾಸಿನ ಪ್ರಧಾನಿಯಾಗಿದ್ದಾಗ. ಅಷ್ಟು ಹೊತ್ತಿಗೆ ನಾಗರತ್ನಮ್ಮನವರಿಗೆ ಅರವತ್ತೆಂಟು ದಾಟಿತ್ತು. ಒಂದು ಪುಸ್ತಕಕ್ಕಾಗಿ ಮೂರೂವರೆ ದಶಕ! ಕೆಪಿಎಸ್‌ಸಿ ಫಲಿತಾಂಶಕ್ಕೆ ಕಾಯುವ ನಮಗೂ ಇಷ್ಟು ತಾಳ್ಮೆ ಇಲ್ಲ.

ಒಂದು ವಿಷಯದಲ್ಲಿ ನನಗೆ ಇವರ ಜೊತೆ ಪೂರ್ತಿ ಒಪ್ಪಿಗೆಯಿಲ್ಲ. 1927ರಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಮದರಾಸಿನ ಶಾಸನಸಭೆಯಲ್ಲಿ ದೇವದಾಸಿ ಪದ್ಧತಿ ನಿಲ್ಲಬೇಕೆಂದು ದನಿ ಎತ್ತಿದಾಗ ನಾಗರತ್ನಮ್ಮ ಎದುರು ನಿಂತರು. ತಮ್ಮವರನ್ನು ಒಟ್ಟುಗೂಡಿಸಿ ಮನವಿ ಕೊಟ್ಟರು. ಪದ್ಧತಿ ಹೋಗಲೇಬೇಕಿತ್ತು. ಎಳೆಯ ಹುಡುಗಿಯರನ್ನು ದೇವರ ಹೆಸರಿನಲ್ಲಿ ಬಿಡುವುದನ್ನು ಯಾವ ಕಲೆಯೂ ಸಮರ್ಥಿಸಲಾರದು. ಆದರೆ ಅವರು ಎತ್ತಿದ ಪ್ರಶ್ನೆಯನ್ನು ತಳ್ಳಿಹಾಕಲೂ ನನಗೆ ಮನಸ್ಸಿಲ್ಲ. ಆ ಸಮುದಾಯದ ಹೆಣ್ಣುಮಕ್ಕಳಿಗೆ ಓದು ಬರಹ ಇತ್ತು, ಆಸ್ತಿಯ ಹಕ್ಕಿತ್ತು, ದತ್ತು ತೆಗೆದುಕೊಳ್ಳುವ ಹಕ್ಕಿತ್ತು. ಆಗಿನ ಎಷ್ಟೋ ಮರ್ಯಾದಸ್ಥ ಮನೆಗಳ ಹೆಂಗಸರಿಗೆ ಅದ್ಯಾವುದೂ ಇರಲಿಲ್ಲ. ಎಲ್ಲರನ್ನೂ ಒಂದೇ ಕೆಟ್ಟ ಹೆಸರಿನಿಂದ ಕರೆದು, ಹೊಟ್ಟೆಪಾಡಿನ ವಿದ್ಯೆಯನ್ನೂ ಕಸಿದುಕೊಂಡರೆ ಅವರು ಹೋಗುವುದೆಲ್ಲಿಗೆ? ಕೊನೆಗೆ ಆದದ್ದೂ ಹಾಗೆಯೇ. ಅವರ ಹಾಡು, ಕುಣಿತ ಎಲ್ಲ ದೊಡ್ಡ ಮನೆಗಳ ಮಕ್ಕಳಿಗೆ ಬಂತು, ಅವರು ಮಾತ್ರ ಹಿನ್ನೆಲೆಗೆ ಸರಿದರು.

ಈಗ ತಿರುವೈಯಾರಿಗೆ ಬರೋಣ. ಮುನುಸ್ವಾಮಪ್ಪನವರನ್ನು ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ. ತ್ಯಾಗರಾಜರು ತೀರಿಕೊಂಡದ್ದು 1847ರಲ್ಲಿ. ಕಾವೇರಿ ದಂಡೆಯ ಅವರ ಸಮಾಧಿಯನ್ನು ಶಿಷ್ಯರ ಕಡೆಯವರು 1903ರಲ್ಲಿ ಒಮ್ಮೆ ದುರಸ್ತಿ ಮಾಡಿದ್ದರು. ವರ್ಷ ವರ್ಷ ಆರಾಧನೆಯೂ ನಡೆಯುತ್ತಿತ್ತು. ಆದರೆ ನಡೆಸುವ ವಿದ್ವಾಂಸರೇ ಜಗಳವಾಡಿಕೊಂಡು ಎರಡು ಪಂಗಡವಾದರು, ದೊಡ್ಡ ಕಟ್ಚಿ, ಸಣ್ಣ ಕಟ್ಚಿ. ನಮ್ಮ ಊರುಗಳ ಗಣಪತಿ ಸಮಿತಿಗಳು ಎರಡಾಗುವುದಿಲ್ಲವೇ, ಹಾಗೇ. ಇಬ್ಬರಿಗೂ ಒಮ್ಮತವಿದ್ದ ವಿಷಯ ಒಂದೇ: ಅಲ್ಲಿ ಹೆಂಗಸರು ಹಾಡುವಂತಿಲ್ಲ. ಉತ್ಸವ ಮುಗಿದ ಮೇಲೆ ಸಮಾಧಿಯ ಗತಿ ಕೇಳುವವರೂ ಇರಲಿಲ್ಲ. ಅದನ್ನು ಕಂಡು ಮನನೊಂದ ಮುದಿ ಗುರು ಮುನುಸ್ವಾಮಪ್ಪ ತಮ್ಮ ಶಿಷ್ಯೆಗೆ ಕಾಗದ ಬರೆದರು.

ನಾಗರತ್ನಮ್ಮನವರಿಗೆ ಆಗ ನಲವತ್ತೆರಡು. ಹೆಸರು, ಮನೆ, ಒಡವೆ ಎಲ್ಲ ಇತ್ತು. ತಿರುವೈಯಾರಿಗೆ ಹೋಗಿ ನೋಡಿದರು. ಮೊದಲು ಮಾಡಿದ ಕೆಲಸ ಸಮಾಧಿಯ ಸುತ್ತಲಿನ ಜಾಗವನ್ನು ಸಂಪಾದಿಸಿದ್ದು. ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಚಂದಾ ಎತ್ತಲು ಸಮಿತಿ ಮಾಡಲಿಲ್ಲ, ವೇದಿಕೆಯ ಮೇಲೆ ಅಳಲಿಲ್ಲ, ದುಡ್ಡು ಕೊಟ್ಟು ನೆಲ ಕೊಂಡರು. 1921ರ ಅಕ್ಟೋಬರ್ 27ರಂದು ಗುಡಿಗೆ ಅಡಿಗಲ್ಲು ಬಿತ್ತು. ಕಟ್ಟುತ್ತಾ ಹೋದಂತೆ ದುಡ್ಡು ಕರಗಿತು. ಒಡವೆ ಹೋಯಿತು, ಮದರಾಸಿನ ಮನೆಯೂ ಹೋಯಿತು. ತ್ಯಾಗರಾಜರ ವಿಗ್ರಹ ಮಾಡಿಸಿ ಪ್ರತಿಷ್ಠಾಪಿಸಿದರು.

ಗುಡಿ ಕಟ್ಟಿದ್ದು ಇವರು, ಆರಾಧನೆಯ ದಿನ ಹಾಡಲು ಮಾತ್ರ ಇವರಿಗೆ ಅವಕಾಶವಿಲ್ಲ! ಹರಿಕಥೆ ಮಾಡುತ್ತೇನೆ ಎಂದರೂ ಒಪ್ಪಲಿಲ್ಲ. ನಾನಾಗಿದ್ದರೆ ಊರು ಬಿಟ್ಟು ಹೋಗುತ್ತಿದ್ದೆನೇನೋ. ಇವರು ಮರುವರ್ಷಗಳಲ್ಲಿ ಹಾಡುವ ಹೆಣ್ಣುಮಕ್ಕಳನ್ನೆಲ್ಲ ಕರೆಸಿ ಗುಡಿಯ ಹಿಂಭಾಗದಲ್ಲಿ ತಮ್ಮದೇ ಆರಾಧನೆ ಶುರು ಮಾಡಿದರು. ಮುಂದೆ ಗಂಡಸರದ್ದು, ಹಿಂದೆ ಇವರದ್ದು. ಜನ ಇದಕ್ಕೆ ಹೆಂಗಸರ ಕಟ್ಚಿ ಎಂದು ಹೆಸರಿಟ್ಟರು. ಹೀಗೆ ಎರಡಿದ್ದ ಪಂಗಡ ಮೂರಾಯಿತು. ಈ ಮೂರನೆಯ ಪಂಗಡವನ್ನು ಹೊರಗೆ ಹಾಕುವುದು ಹೇಗೆ? ಎಲ್ಲರೂ ನಿಂತು ಹಾಡುತ್ತಿದ್ದ ಜಾಗವೇ ಅವರದ್ದಲ್ಲವೇ! ಅರ್ಜಿ ಹಿಡಿದು ಕಾಯುವವರಿಗೂ ಕಾಗದಪತ್ರ ಕೈಯಲ್ಲಿ ಇಟ್ಟುಕೊಂಡು ಕಾಯುವವರಿಗೂ ಎಷ್ಟು ವ್ಯತ್ಯಾಸವಿದೆ ಎಂದು ಇಲ್ಲಿ ತಿಳಿಯುತ್ತದೆ. 1940ರ ಹೊತ್ತಿಗೆ ಮೂರೂ ಪಂಗಡಗಳು ಒಂದಾದವು. ಹೆಂಗಸರು ಮುಂಭಾಗಕ್ಕೆ ಬಂದರು.

ಅಷ್ಟರಲ್ಲಿ ಅವರು ಮದರಾಸು ಬಿಟ್ಟು ತಿರುವೈಯಾರಿನಲ್ಲೇ ನೆಲೆಸಿದ್ದರು. ಕಛೇರಿಗಳು ನಿಂತಿದ್ದವು. ಮಕ್ಕಳಿಲ್ಲ. ಅವರ ಹಿರಿಮೆಯನ್ನು ಹೊಗಳುವವರು ಈ ಭಾಗವನ್ನು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ನಾನು ಮಾತ್ರ ಇಲ್ಲೇ ತುಂಬ ಹೊತ್ತು ನಿಲ್ಲುತ್ತೇನೆ. ಹಳ್ಳಿಯಲ್ಲಿ ಒಂಟಿ ಹೆಂಗಸು ಆಸ್ತಿಯನ್ನೆಲ್ಲ ಗುಡಿಗೆ ಸುರಿದರೆ ಜನ ಏನೇನು ಮಾತಾಡುತ್ತಾರೆಂದು ಬುಕ್ಕಾಂಬುಧಿಯಲ್ಲಿ ಬೆಳೆದವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೆರೆ ಏರಿಯ ಮೇಲೆ ಸಂಜೆ ಒಂದು ಸುತ್ತು ನಡೆದರೆ ಸಾಕು, ಕಿವಿಗೆ ಬೀಳುತ್ತದೆ.

1949ರಲ್ಲಿ ಉಯಿಲು ಬರೆದರು. ಉಳಿದದ್ದನ್ನೆಲ್ಲ ಒಂದು ಟ್ರಸ್ಟಿಗೆ ವಹಿಸಿ ತ್ಯಾಗರಾಜರ ಸೇವೆಗೆ ಬಿಟ್ಟರು. ಜೊತೆಗೊಂದು ಷರತ್ತು ಸೇರಿಸಿದರು: ಅಲ್ಲಿ ಹೆಣ್ಣುಮಕ್ಕಳು ಹಾಡುವ ಹಕ್ಕಿಗೆ ಯಾರೂ ಅಡ್ಡಿ ಮಾಡುವಂತಿಲ್ಲ. ಹತ್ತು ವರ್ಷದ ಹಿಂದೆಯೇ ರಾಜಿಯಾಗಿತ್ತಲ್ಲ, ಮತ್ತೇಕೆ ಬರೆದರು ಎಂದು ಮೊದಲು ಅನ್ನಿಸಿತು. ಬಾಯಿಮಾತಿನ ಒಪ್ಪಿಗೆ ಎಷ್ಟು ದಿನ ಬಾಳುತ್ತದೆಂದು ತಿಮ್ಮಯ್ಯನವರ ಮನೆಯಿಂದ ಹೊರಬಿದ್ದ ದಿನವೇ ಅವರು ನೋಡಿದ್ದರು.

1952ರ ಮೇ 19ರಂದು ತಿರುವೈಯಾರಿನಲ್ಲೇ ತೀರಿಕೊಂಡರು. ಎಪ್ಪತ್ಮೂರು ವರ್ಷ.

ಪ್ರತಿ ವರ್ಷ ಪುಷ್ಯ ಬಹುಳ ಪಂಚಮಿಯ ದಿನ ತಿರುವೈಯಾರಿನ ಪಂಚರತ್ನ ಗೋಷ್ಠಿ ಟಿವಿಯಲ್ಲಿ ಬರುತ್ತದೆ. ಸಾಲು ಸಾಲು ಗಂಡಸರು, ಸಾಲು ಸಾಲು ಹೆಂಗಸರು ಕೂತು ನಾಟ ರಾಗದಿಂದ ಶುರು ಮಾಡಿ ಐದು ಕೃತಿಗಳನ್ನೂ ಒಟ್ಟಿಗೆ ಹಾಡುತ್ತಾರೆ. ನನ್ನ ಹತ್ತಿರ ಕಲಿಯುವ ಮಕ್ಕಳನ್ನೂ ನಮ್ಮ ಮನೆಗೇ ಕರೆದು ಕೂರಿಸುತ್ತೇನೆ. ಕ್ಯಾಮೆರಾ ಗುಡಿಯ ಕಡೆಯೇ ಇರುತ್ತದೆ. ಅಲ್ಲಿಂದ ತುಸು ದೂರದಲ್ಲಿ ನಾಗರತ್ನಮ್ಮನವರ ಸಮಾಧಿ, ಅದರೊಳಗೆ ಗುಡಿಯ ಕಡೆಗೆ ಮುಖ ಮಾಡಿ ಕುಳಿತ ಅವರ ಪ್ರತಿಮೆ. ಅದು ಯಾವ ದಿಕ್ಕಿಗಿದೆ ಎಂದು ಪರದೆಯ ಮೇಲೆ ಬೆರಳಿಟ್ಟು ಮಕ್ಕಳಿಗೆ ತೋರಿಸುತ್ತೇನೆ.