ವರ್ಣಗಳನ್ನು ಬೇರ್ಪಡಿಸಿದ ಮಿಖಾಯಿಲ್ ತ್ಸ್ವೆತ್

ಔಷಧಿಯ ಶುದ್ಧತೆಯನ್ನಾಗಲಿ, ಆಹಾರದ ಕಲಬೆರಕೆಯನ್ನಾಗಲಿ ಪರೀಕ್ಷಿಸಲು ಪ್ರಯೋಗಾಲಯಗಳು ಇಂದು ಆಶ್ರಯಿಸುವ ಪ್ರಮುಖ ವಿಧಾನ ಕ್ರೊಮ್ಯಾಟೊಗ್ರಫಿ. ಅದರ ಜನಕ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್. ಶಾಲೆಯ ಶತಮಾನೋತ್ಸವದ ಈ ಸಂದರ್ಭದಲ್ಲಿ ಅವರನ್ನು ನಾವು ಸ್ಮರಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ಅವರು ಗಡಿಗಳ ನಡುವೆ ಬಾಳಿದವರು.

ತ್ಸ್ವೆತ್ 1872ರ ಮೇ 14ರಂದು ಇಟಲಿಯ ಅಸ್ಟಿ ಪಟ್ಟಣದಲ್ಲಿ ಜನಿಸಿದರು. ತಂದೆ ರಷ್ಯಾದವರು, ತಾಯಿ ಇಟಲಿ ಮೂಲದವರು. ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿಯನ್ನು ಕಳೆದುಕೊಂಡ ಅವರು ಬೆಳೆದದ್ದು ಸ್ವಿಟ್ಜರ್ಲೆಂಡಿನಲ್ಲಿ. 1896ರಲ್ಲಿ ಜಿನೀವಾದಲ್ಲಿ ಡಾಕ್ಟರೇಟ್ ಪಡೆದು ತಂದೆಯ ನಾಡಿಗೆ ಹೋದಾಗ ಆ ಪದವಿಗೆ ಅಲ್ಲಿ ಮಾನ್ಯತೆ ದೊರೆಯಲಿಲ್ಲ. ಎದೆಗುಂದದೆ ಮತ್ತೆ ಅಭ್ಯಾಸಕ್ಕೆ ತೊಡಗಿ 1901ರಲ್ಲಿ ಕಜಾನ್‌ನಲ್ಲಿ ಸ್ನಾತಕೋತ್ತರ ಪದವಿ ಗಳಿಸಿದರು. ಒಂದು ರಾಜ್ಯದ ಪ್ರಮಾಣಪತ್ರ ಹಿಡಿದು ಇನ್ನೊಂದು ರಾಜ್ಯದ ಕಾಲೇಜಿನ ಬಾಗಿಲಲ್ಲಿ ನಿಲ್ಲುವ ಮಕ್ಕಳನ್ನು ಕಂಡ ನಮಗೆ ಈ ಪಾಡು ಅಪರಿಚಿತವಲ್ಲ.

ಆಗ ರಷ್ಯಾದ ಆಳ್ವಿಕೆಯಲ್ಲಿದ್ದ ವಾರ್ಸಾದಲ್ಲಿ ಅವರು ಎಲೆಯ ಬಣ್ಣಗಳನ್ನು ಅಭ್ಯಸಿಸಿದರು. ಗಾಜಿನ ನಳಿಕೆಯಲ್ಲಿ ಸೀಮೆಸುಣ್ಣದ ನಯವಾದ ಪುಡಿಯನ್ನು ಒತ್ತಾಗಿ ತುಂಬಿ, ಎಲೆಯ ಸಾರವನ್ನು ಮೇಲಿನಿಂದ ಸುರಿದು, ದ್ರಾವಕವನ್ನು ಹರಿಸಿದರು. ಪುಡಿಗೆ ಹೆಚ್ಚು ಅಂಟಿಕೊಂಡ ವರ್ಣದ್ರವ್ಯ ಮೇಲೆಯೇ ತಡೆಯಿತು. ಕಡಿಮೆ ಅಂಟಿಕೊಂಡದ್ದು ದ್ರಾವಕದೊಡನೆ ಕೆಳಗಿಳಿಯಿತು. ಹಳದಿ, ಹಸಿರು ಪಟ್ಟಿಗಳು ಬೇರೆಬೇರೆಯಾಗಿ ಮೂಡಿದವು. ಹಸಿರಿನಲ್ಲಿಯೇ ಎರಡು ಬಗೆ ಕಂಡಿತು. ಕದಲದೆ ನಿಲ್ಲುವ ಅಂತಹ ವಸ್ತುವನ್ನು ಇಂದು ಸ್ಥಿರ ಪ್ರಾವಸ್ಥೆ ಎನ್ನುತ್ತೇವೆ. ಹರಿಯುವ ದ್ರಾವಕವು ಚಲ ಪ್ರಾವಸ್ಥೆ. 1903ರಲ್ಲಿ ವಾರ್ಸಾದ ನಿಸರ್ಗವಿಜ್ಞಾನಿಗಳ ಸಭೆಯಲ್ಲಿ ವಿವರಿಸಿದ ಈ ವಿಧಾನಕ್ಕೆ 1906ರಲ್ಲಿ ಜರ್ಮನ್ ಸಸ್ಯವಿಜ್ಞಾನ ಪತ್ರಿಕೆಯೊಂದರಲ್ಲಿ ಕ್ರೊಮ್ಯಾಟೊಗ್ರಫಿ, ಅಂದರೆ ಬಣ್ಣದ ಬರಹ, ಎಂದು ಹೆಸರಿಟ್ಟರು. ತ್ಸ್ವೆತ್ ಎಂಬ ರಷ್ಯನ್ ಪದದ ಅರ್ಥವೂ ಬಣ್ಣವೇ.

ಪ್ರಸಿದ್ಧ ರಸಾಯನವಿಜ್ಞಾನಿಗಳಿಗೆ ಅದರಲ್ಲಿ ನಂಬಿಕೆ ಹುಟ್ಟಲಿಲ್ಲ. ಪುಡಿಗೆ ಅಂಟಿದ ವರ್ಣದ್ರವ್ಯ ಕೆಡಬಹುದೆಂಬುದು ಅವರ ಸಂದೇಹ. 1915ರಲ್ಲಿ ಸಸ್ಯವರ್ಣದ್ರವ್ಯಗಳ ಸಂಶೋಧನೆಗಾಗಿ ರಿಚರ್ಡ್ ವಿಲ್‌ಸ್ಟೆಟರ್ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು; ಅದೇ ವರ್ಷ ಮಹಾಯುದ್ಧದ ದೆಸೆಯಿಂದ ತ್ಸ್ವೆತ್ ವಾರ್ಸಾ ತೊರೆಯಬೇಕಾಯಿತು. ಊರಿಂದೂರಿಗೆ ಅಲೆದು, ಕಾಯಿಲೆಯಿಂದ ಬಳಲಿ, 1919ರ ಜೂನ್ 26ರಂದು ವೊರೊನೆಜ್‌ನಲ್ಲಿ 47ನೆಯ ವಯಸ್ಸಿಗೇ ಕಣ್ಮುಚ್ಚಿದರು.

1931ರಲ್ಲಿ ಹೈಡೆಲ್‌ಬರ್ಗಿನಲ್ಲಿ ರಿಚರ್ಡ್ ಕುನ್ ಮತ್ತು ಎಡ್ಗರ್ ಲೆಡರರ್ ಇದೇ ವಿಧಾನದಿಂದ ಕ್ಯಾರೊಟಿನ್‌ಗಳನ್ನು ಬೇರ್ಪಡಿಸಿದ ಮೇಲೆ ಲೋಕ ಅದರತ್ತ ತಿರುಗಿ ನೋಡಿತು. ಮುಂದೆ ಸಿಲಿಕಾ ಜೆಲ್ ಹಿಡಿದಿಟ್ಟ ನೀರನ್ನೇ ಸ್ಥಿರ ಪ್ರಾವಸ್ಥೆಯಾಗಿ ಬಳಸಿದ ಮಾರ್ಟಿನ್ ಮತ್ತು ಸಿಂಜ್ 1952ರಲ್ಲಿ ನೊಬೆಲ್ ಪಡೆದರು.

ಹುಟ್ಟಿದ ನಾಡು, ಕಲಿತ ನುಡಿ, ದುಡಿದ ಊರು ಬೇರೆಬೇರೆಯಾದವರಿಗೆ ಮನ್ನಣೆ ತಡವಾಗಬಹುದು. ಶ್ರದ್ಧೆಯ ಕೆಲಸ ಮಾತ್ರ ಉಳಿಯುತ್ತದೆ. ಮಸಿಯ ಚುಕ್ಕೆಯಿಟ್ಟ ಸೀಮೆಸುಣ್ಣದ ಕಡ್ಡಿಯನ್ನು ನೀರಿನಲ್ಲಿ ನಿಲ್ಲಿಸಿ, ಬಣ್ಣಗಳು ಬೇರೆಯಾಗುವುದನ್ನು ಮಕ್ಕಳಿಗೆ ತೋರಿಸುವಾಗ ತ್ಸ್ವೆತ್ ಅವರ ಹೆಸರನ್ನೂ ನಾವು ಹೇಳಿಕೊಡೋಣ.