ಹೆಸರು ಮಾಡಿದ ಮೇಲೆ ಮತ್ತೆ ಶಿಷ್ಯ

ನಮ್ಮ ಶಾಲೆಯಲ್ಲಿ ಪ್ರಾರ್ಥನೆಗೆ ನಿಲ್ಲುತ್ತಿದ್ದ ಹುಡುಗರಲ್ಲಿ ನಾನೂ ಒಬ್ಬ. ಅಂಬ್ಲಿಗೊಳದ ಸುತ್ತ ನನ್ನಷ್ಟು ಚೆನ್ನಾಗಿ ಹಾಡುವವರಿಲ್ಲ ಎಂಬ ಜಂಬವೂ ಇತ್ತು. ಬಿ.ಇ. ಓದಲು ಹೋದ ಮೊದಲ ವರ್ಷವೇ ಹಾಸ್ಟೆಲಿನಲ್ಲಿ ಒಬ್ಬ ಹುಡುಗ ಹಾಡಿದ್ದನ್ನು ಕೇಳಿ ಬಾಯಿ ಮುಚ್ಚಿದವನು ಹತ್ತು ವರ್ಷ ತೆರೆಯಲಿಲ್ಲ. ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಮೇಷ್ಟ್ರು ಕೇಳಿದಾಗ ನನಗೆ ನೆನಪಾದವರು ಪಂಡಿತ ಮಲ್ಲಿಕಾರ್ಜುನ ಮನ್ಸೂರರು.

ಅವರು ಹುಟ್ಟಿದ್ದು 1910ರಲ್ಲಿ, ಧಾರವಾಡದ ಹತ್ತಿರದ ಮನ್ಸೂರು ಎಂಬ ಹಳ್ಳಿಯಲ್ಲಿ. ಒಕ್ಕಲುತನದ ಮನೆ. ಅಣ್ಣ ಬಸವರಾಜ ನಾಟಕ ಕಂಪನಿಯಲ್ಲಿದ್ದರು. ತಮ್ಮನೂ ಚಿಕ್ಕಂದಿನಲ್ಲೇ ಬಣ್ಣ ಹಚ್ಚಿದ. ಮೊದಲು ಅಪ್ಪಯ್ಯಸ್ವಾಮಿಗಳ ಬಳಿ ಕರ್ನಾಟಕ ಸಂಗೀತ, ಆಮೇಲೆ ಮಿರಜದ ನೀಲಕಂಠಬುವಾ ಅವರ ಬಳಿ ಗ್ವಾಲಿಯರ್ ಘರಾಣೆಯ ಗಾಯನ ಕಲಿತರು. ಇಪ್ಪತ್ತು ದಾಟಿದ ಸ್ವಲ್ಪ ದಿನಕ್ಕೇ ಎಚ್.ಎಂ.ವಿ. ಕಂಪನಿ ಅವರ ಹಾಡುಗಳ ಗ್ರಾಮಫೋನ್ ತಟ್ಟೆಗಳನ್ನು ಹೊರತಂದಿತು. ಆ ಕಾಲದಲ್ಲಿ ಹಳ್ಳಿಯ ಹುಡುಗನಿಗೆ ಅದು ಸಣ್ಣ ಮಾತಲ್ಲ.

ಆಗಲೇ ಮುಂಬಯಿಯಲ್ಲಿ ಮಂಜೀಖಾನರ ಗಾಯನ ಕಿವಿಗೆ ಬಿತ್ತು. ಮಂಜೀಖಾನರು ಜಯಪುರ–ಅತ್ರೌಲಿ ಘರಾಣೆಯ ಹಿರಿಯ ಗವಾಯಿ ಅಲ್ಲಾದಿಯಾಖಾನರ ಮಗ. ಆ ಹಾಡಿಕೆಯಲ್ಲಿ ಸ್ವರವನ್ನೂ ಲಯವನ್ನೂ ಬಿಡಿಸಿ ನೋಡಲಾಗುವುದಿಲ್ಲ. ಆಲಾಪವೂ ತಾನೂ ತಬಲಾದ ಮಾತ್ರೆಗಳ ಜೊತೆ ಹೆಣೆದುಕೊಂಡೇ ಸಾಗುತ್ತವೆ. ಎರಡು ರಾಗ ಬೆರೆತ ಜೋಡುರಾಗಗಳು, ಬೇರೆಯವರು ಮುಟ್ಟದ ಅಪರೂಪದ ರಾಗಗಳು ಬೇರೆ. ಅದನ್ನು ಕೇಳಿದ ಮನ್ಸೂರರಿಗೆ ತಾನು ಇದುವರೆಗೆ ಹಾಡಿದ್ದು ಏನೂ ಅಲ್ಲ ಅನ್ನಿಸಿತು. ನನಗೆ ಹಾಸ್ಟೆಲಿನಲ್ಲಿ ಅನ್ನಿಸಿದ್ದೂ ಅದೇ. ನಾನು ಎದ್ದು ಹೋದೆ. ಅವರು ಹೋಗಿ ಮಂಜೀಖಾನರ ಶಿಷ್ಯರಾದರು.

ರೆಕಾರ್ಡು ಬಂದ, ಹೆಸರಿದ್ದ ಗಾಯಕ ಮತ್ತೆ ಸಾ ಹಚ್ಚುವುದರಿಂದ ಶುರುಮಾಡುವುದೆಂದರೆ ಸುಲಭವಲ್ಲ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ, ಸರಿಯಾಗಿ ಓಡುತ್ತಿರುವ ಪ್ರೋಗ್ರಾಮನ್ನು ಅಳಿಸಿ ಮೊದಲಿನಿಂದ ಬರೆಯೋಣ ಎಂದರೆ ಮ್ಯಾನೇಜರ್ ಮುಖ ನೋಡಿ ನಗುತ್ತಾರೆ. ಮನ್ಸೂರರು ಅಳಿಸಲು ಹೊರಟಿದ್ದು ತಮ್ಮ ಕಂಠದಲ್ಲೇ ಕೂತಿದ್ದ ಅಭ್ಯಾಸವನ್ನು, ಅದರಲ್ಲೂ ಜನ ಮೆಚ್ಚಿದ ಅಭ್ಯಾಸವನ್ನು.

ಎರಡು ವರ್ಷ ಕಳೆಯುವುದರೊಳಗೆ, 1937ರಲ್ಲಿ, ಮಂಜೀಖಾನರು ಅಕಾಲದಲ್ಲಿ ತೀರಿಕೊಂಡರು. ಹಳೆಯ ದಾರಿಗೆ ಮರಳಲು ಮನಸ್ಸಿಲ್ಲ, ಹೊಸ ದಾರಿ ಅರ್ಧಕ್ಕೇ ನಿಂತಿದೆ. ಅವರ ಬದುಕಿನ ಅತ್ಯಂತ ಕಷ್ಟದ ಗಳಿಗೆ ಇದೇ ಇರಬೇಕು ಎಂದು ನನ್ನ ಅಂದಾಜು. ಆಮೇಲೆ ಮಂಜೀಖಾನರ ತಮ್ಮ ಭೂರ್ಜೀಖಾನರ ಬಳಿ ಕಲಿಕೆ ಮುಂದುವರಿಯಿತು.

ಇಷ್ಟಾದರೂ ದೇಶದ ದೊಡ್ಡ ಮನ್ನಣೆ ಬೇಗ ಬರಲಿಲ್ಲ. ಪದ್ಮಶ್ರೀ ಬಂದಾಗ ಅವರಿಗೆ ಅರವತ್ತರ ಹತ್ತಿರ. 1976ರಲ್ಲಿ ಪದ್ಮಭೂಷಣ, 1992ರಲ್ಲಿ ಪದ್ಮವಿಭೂಷಣ. ಅವರಿಗಿಂತ ಕಿರಿಯರು ಎಷ್ಟೋ ಮುಂಚೆ ಊರೂರಲ್ಲಿ ಮನೆಮಾತಾಗಿದ್ದರು. ಅವರು ಮಾತ್ರ ಧಾರವಾಡ ಬಿಡಲಿಲ್ಲ, ಆಕಾಶವಾಣಿಯಲ್ಲಿ ಸಂಗೀತ ಸಲಹೆಗಾರರಾಗಿದ್ದುಕೊಂಡು ಬಹಾದುರಿ ತೋಡಿ, ಶಿವಮತ ಭೈರವ, ಶುದ್ಧ ನಟ್ ಮೊದಲಾದ ಅಪರೂಪದ ರಾಗಗಳನ್ನು ಹಾಡುತ್ತ ಬಂದರು. ಸಭೆ ದೊಡ್ಡದೆಂದು ಸುಲಭದ ರಾಗಕ್ಕೆ ಇಳಿದವರಲ್ಲ.

ನಮ್ಮ ತಾಲೂಕಿನವರಿಗೆ ಇನ್ನೊಂದು ನಂಟೂ ಇದೆ. ಮನ್ಸೂರರು ಶರಣರ ವಚನಗಳನ್ನು ಎದೆತುಂಬಿ ಹಾಡಿದವರು. ಉಡುತಡಿಯ ಅಕ್ಕ, ಬಳ್ಳಿಗಾವಿಯ ಅಲ್ಲಮ ಇಲ್ಲೇ ಪಕ್ಕದವರಲ್ಲವೇ? ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿ ಒಪ್ಪಿಸಿದ ವಚನಗಳೂ ಅವರ ಕಂಠದಲ್ಲಿ ಕೇಳಿದರೆ ಬೇರೆಯೇ ಆಗಿ ಕೇಳುತ್ತವೆ.

1992ರ ಸೆಪ್ಟೆಂಬರ್ 12ರಂದು ಅವರು ಧಾರವಾಡದಲ್ಲಿ ತೀರಿಕೊಂಡರು. ಅವರ ಮನೆ 'ಮೃತ್ಯುಂಜಯ' ಈಗ ಸ್ಮಾರಕವಾಗಿದೆ. ಹೋದ ವರ್ಷ ಹೋಗಿ ನೋಡಿ ಬಂದೆ. ಈಗ ಭಾನುವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಒಬ್ಬರು ಮೇಷ್ಟ್ರ ಮನೆಗೆ ಪಾಠಕ್ಕೆ ಹೋಗುತ್ತಿದ್ದೇನೆ. ಜೊತೆಗೆ ಕೂರುವವರೆಲ್ಲ ಹತ್ತು ಹನ್ನೆರಡು ವರ್ಷದ ಮಕ್ಕಳು; ಶ್ರುತಿ ತಪ್ಪಿದರೆ ತಿರುಗಿ ನನ್ನನ್ನೇ ನೋಡುತ್ತಾರೆ.