ರಾಬರ್ಟ್ ಬ್ರೂಸ್ ಫೂಟರು: ಕಲ್ಲಿನೊಡನೆ ಊರಿನ ಹೆಸರನ್ನೂ ಬರೆದಿಟ್ಟವರು

ಕಾಲೇಜುಗಳಲ್ಲಿ ವಿಜ್ಞಾನವಿಭಾಗವನ್ನು ಸೇರುವ ನಮ್ಮ ತರುಣರಲ್ಲಿ ಕೆಲವರು ಭೂಗರ್ಭಶಾಸ್ತ್ರವನ್ನೂ ಒಂದು ವಿಷಯವಾಗಿ ಆರಿಸಿಕೊಳ್ಳುವರು. ವಾರಕ್ಕೆ ಕೆಲವು ತಾಸು ಪಾಠ, ಒಂದು ದಿನ ಪ್ರಯೋಗಶಾಲೆ, ವರ್ಷಾಂತ್ಯದಲ್ಲಿ ರೆಕಾರ್ಡು ಪುಸ್ತಕಕ್ಕೆ ಸಹಿ, ಇಷ್ಟರಲ್ಲಿಯೇ ಈ ಶಾಸ್ತ್ರದ ಪ್ರವೇಶವು ಮುಗಿಯಿತೆಂದು ಬಹುಜನರ ಭಾವನೆ. ನಮ್ಮ ಬಂಧುವರ್ಗದ ಹುಡುಗನೊಬ್ಬನು ಕಲಬುರಗಿಯಲ್ಲಿದ್ದುಕೊಂಡು ಈ ವ್ಯಾಸಂಗವನ್ನು ಮಾಡಿದನು. ಪ್ರಯೋಗಶಾಲೆಯ ತಟ್ಟೆಯಲ್ಲಿ ಇಪ್ಪತ್ತು ಕಲ್ಲುಗಳಿದ್ದುವು. ಒಂದೊಂದರ ಮೇಲೂ ಒಂದೊಂದು ಸಂಖ್ಯೆ. ಮೂಲೆಯೊಡೆದದ್ದು ಕ್ಯಾಲ್ಸೈಟು, ಶಾಯಿಯ ಕಲೆ ಬಿದ್ದದ್ದು ಫೆಲ್ಡ್‌ಸ್ಪಾರು ಎಂದು ಹುಡುಗರು ತಮ್ಮೊಳಗೇ ಗುರುತಿಟ್ಟುಕೊಂಡು ಕಂಠಪಾಠ ಮಾಡುತ್ತಿದ್ದರಂತೆ. ಪರೀಕ್ಷೆಯಲ್ಲಿ ಅವನಿಗೆ ಒಳ್ಳೆಯ ಅಂಕಗಳೂ ಬಂದುವು. ಅನಂತರ ಒಂದು ದಿನ ಅವನು ನಮ್ಮೊಡನೆ ಕಮಲಾಪುರಕ್ಕೆ ಬಂದಿದ್ದಾಗ, ರಸ್ತೆಗಾಗಿ ಕಡಿದ ದಿಬ್ಬದ ಮಗ್ಗುಲಿನಿಂದ ಬಿಳಿಯ ಚುಕ್ಕೆಗಳುಳ್ಳ ಕರಿಗಲ್ಲೊಂದನ್ನೆತ್ತಿ ಇದೇನೆಂದು ನಾವು ಕೇಳಿದೆವು. ಹುಡುಗನು ನಿರುತ್ತರನಾದನು. ಆ ಕಲ್ಲಿನ ಮೇಲೆ ಸಂಖ್ಯೆ ಇರಲಿಲ್ಲ.

ಹುಡುಗನನ್ನಾಗಲಿ ಅವನ ಗುರುಗಳನ್ನಾಗಲಿ ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಆ ದಿನ ಹಿಂದಿರುಗುವಾಗ ಒಬ್ಬ ಮಹನೀಯರ ನೆನಪು ನಮ್ಮನ್ನು ಬಿಡಲಿಲ್ಲ. ನಮ್ಮ ನಾಡಿನ ಕಲ್ಲುಗಳನ್ನು ಸಂಖ್ಯೆಯಿಂದಲ್ಲದೆ ಊರಿನಿಂದ ಗುರುತಿಸಲು ಕಲಿಸಿದವರು ರಾಬರ್ಟ್ ಬ್ರೂಸ್ ಫೂಟರು. ಅವರ ಚರಿತ್ರೆಯನ್ನು ವಾಚಕರ ಮುಂದಿಡುವುದು ಇಂದು ಉಚಿತವೆಂದು ಭಾವಿಸುತ್ತೇವೆ.

ಫೂಟರು 1834ನೆಯ ಇಸವಿ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನ ಚೆಲ್ಟೆನ್‌ಹ್ಯಾಮಿನಲ್ಲಿ ಜನಿಸಿದರು. ಭಾರತದ ಭೂಗರ್ಭ ಸಮೀಕ್ಷಣಾ ಇಲಾಖೆಯು ಥಾಮಸ್ ಓಲ್ಡ್‌ಹ್ಯಾಮರ ನೇತೃತ್ವದಲ್ಲಿ 1851ರಲ್ಲಿ ಸ್ಥಾಪಿತವಾಗಿದ್ದಿತು. 1858ರಲ್ಲಿ, ತಮ್ಮ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಫೂಟರು ಆ ಇಲಾಖೆಯನ್ನು ಸೇರಿ ಮದರಾಸು ಪ್ರಾಂತಕ್ಕೆ ಬಂದರು. ಆಳುವವರು ಈ ಇಲಾಖೆಯನ್ನು ಕಟ್ಟಿದ್ದು ಪ್ರಜೆಗಳ ಜ್ಞಾನಾಭಿವೃದ್ಧಿಗಾಗಿಯಲ್ಲ. ರೈಲಿಗೆ ಕಲ್ಲಿದ್ದಲು ಬೇಕಾಗಿತ್ತು, ಬೊಕ್ಕಸಕ್ಕೆ ಚಿನ್ನ ಬೇಕಾಗಿತ್ತು. ಇದನ್ನು ಮರೆಯತಕ್ಕದ್ದಲ್ಲ. ಆದರೆ ಕೂಲಿಗಾಗಿ ಬಂದವನು ಕೆಲಸದ ಮೇಲಣ ಪ್ರೀತಿಯಿಂದ ಕೂಲಿಗಿಂತ ನೂರ್ಮಡಿ ದುಡಿದರೆ ಆ ದುಡಿಮೆಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸುವುದು ಸ್ವಾಭಿಮಾನಿಗಳಾದ ಜನರ ಲಕ್ಷಣ.

1863ನೆಯ ಇಸವಿ ಮೇ 30ರಂದು ಮದರಾಸಿನ ಸಮೀಪದ ಪಲ್ಲಾವರಂ ದಂಡಿನ ಪ್ರದೇಶದಲ್ಲಿ, ಗರಸು ತೋಡಿದ ಗುಂಡಿಯೊಂದರ ಬಳಿ, ಫೂಟರಿಗೆ ಒಂದು ಕಲ್ಲು ದೊರಕಿತು. ಬೇರೆಯವರು ಕಂಡಿದ್ದರೆ ಒಡೆದ ಕಲ್ಲೆಂದು ಬಿಸುಡುತ್ತಿದ್ದರು. ಅದರ ಎರಡೂ ಮಗ್ಗುಲುಗಳಿಂದ ಚಕ್ಕೆಗಳನ್ನೆಬ್ಬಿಸಿದ ರೀತಿಯನ್ನು ನೋಡಿ, ಇದು ಮನುಷ್ಯನ ಕೈಕೆಲಸವೆಂದು ಅವರು ನಿಶ್ಚಯಿಸಿದರು. ಐರೋಪ್ಯ ಪಂಡಿತರು ಇಂತಹ ಶಿಲಾಯುಧಗಳ ಪ್ರಾಚೀನತೆಯನ್ನು ಒಪ್ಪಿ ಆಗಿನ್ನೂ ನಾಲ್ಕೇ ವರ್ಷಗಳಾಗಿದ್ದುವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಫೂಟರೂ ಅವರ ಸಹೋದ್ಯೋಗಿ ವಿಲಿಯಂ ಕಿಂಗರೂ ಅತ್ತಿರಂಪಾಕ್ಕಮಿನಲ್ಲಿ ಮತ್ತಷ್ಟು ಆಯುಧಗಳನ್ನು ಕಂಡರು. ಭರತಖಂಡದಲ್ಲಿ ಹಳೆಯ ಶಿಲಾಯುಗದ ಮಾನವನಿದ್ದನೆಂಬುದು ಹೀಗೆ ಸಿದ್ಧವಾಯಿತು. ಇತ್ತೀಚಿನ ಪರೀಕ್ಷೆಗಳಿಂದ ಅತ್ತಿರಂಪಾಕ್ಕಮಿನ ಅತಿ ಹಳೆಯ ಆಯುಧಗಳಿಗೆ ಸುಮಾರು 15 ಲಕ್ಷ ವರ್ಷಗಳೆಂದು ತಿಳಿದುಬಂದಿದೆ.

ಫೂಟರು ಕನ್ನಡನಾಡಿಗೆ ಮಾಡಿದ ಸೇವೆಯು ಇದಕ್ಕಿಂತಲೂ ದೀರ್ಘವಾದುದು. ಬೆಳಗಾವಿ, ಧಾರವಾಡ, ಕಲಾದಗಿ ಪ್ರಾಂತಗಳನ್ನೂ ಅವುಗಳಿಗೆ ಹೊಂದಿಕೊಂಡ ನಿಜಾಮರ ಸೀಮೆಯ ಭಾಗವನ್ನೂ ಅವರು ವರ್ಷಾನುಗಟ್ಟಲೆ ಸುತ್ತಿದರು. ಗೋಕಾಕದ ಬಳಿಯ ಚಿಕ್ಕದೌಲಿಯಲ್ಲಿ ಹಳ್ಳದ ಮಣ್ಣಿನೊಳಗಿಂದ ದೊರೆತ ಎಲುಬುಗಳು ಲುಪ್ತವಾದ ಖಡ್ಗಮೃಗವೊಂದರವೆಂದು ಗುರುತಿಸಿ 1874ರಲ್ಲಿ ಪ್ರಕಟಿಸಿದರು. ಈ ಸುತ್ತಾಟದ ಫಲವಾಗಿ 1876ರಲ್ಲಿ ಹೊರಬಿದ್ದ ದಕ್ಷಿಣ ಮಹಾರಾಷ್ಟ್ರ ಸೀಮೆಯ ಭೂಗರ್ಭವನ್ನು ಕುರಿತ ಗ್ರಂಥವನ್ನು ಇಂದಿಗೂ ವಿದ್ವಾಂಸರು ತೆರೆದು ನೋಡುತ್ತಾರೆ. ಕಲಾದಗಿ ಶ್ರೇಣಿಯೆಂಬ ಹೆಸರು ಶಾಸ್ತ್ರದಲ್ಲಿ ನೆಲೆಗೊಂಡದ್ದು ಅದರಿಂದ. ಶಹಾಬಾದಿನ ಫರಸಿಕಲ್ಲು ಸೇರಿರುವ ಭೀಮಾ ಶ್ರೇಣಿಯ ವಿವರಣೆಯೂ ಅದರಲ್ಲಿದೆ. ಮುಂದೆ 1880ರ ದಶಕದಲ್ಲಿ ಚಿನ್ನವನ್ನೊಳಗೊಂಡ ಅತಿ ಪುರಾತನ ಶಿಲಾಪಟ್ಟಿಗಳನ್ನು ಬೇರ್ಪಡಿಸಿ ಅವುಗಳಿಗೆ ಧಾರವಾಡದ ಹೆಸರನ್ನಿಟ್ಟರು. ಕೋಲಾರವೂ ನಮ್ಮ ರಾಯಚೂರು ಜಿಲ್ಲೆಯ ಹಟ್ಟಿಯೂ ಇಂತಹ ಪಟ್ಟಿಗಳಲ್ಲಿಯೇ ಇವೆ. ಲೋಕದ ಯಾವ ಮೂಲೆಯಲ್ಲಿಯೇ ಆಗಲಿ ಭೂಮಿಯ ಆದಿಕಾಲವನ್ನು ಓದುವ ವಿದ್ಯಾರ್ಥಿಯು ಇಂದು ಧಾರವಾಡವೆಂಬ ಕನ್ನಡದ ಊರ ಹೆಸರನ್ನು ಉಚ್ಚರಿಸದೆ ಮುಂದೆ ಹೋಗಲಾರನು.

ಪ್ರಯೋಗಶಾಲೆಯ ಪರೀಕ್ಷೆಯೆಂದರೇನೆಂಬುದನ್ನು ಬಳ್ಳಾರಿ ಸೀಮೆಯ ಬೂದಿಗುಡ್ಡಗಳ ವೃತ್ತಾಂತವು ಚೆನ್ನಾಗಿ ತಿಳಿಸುವುದು. ಅಲ್ಲಲ್ಲಿ ಕಾಣುವ ಆ ದೊಡ್ಡ ಬೂದಿಯ ದಿಬ್ಬಗಳು ರಾಕ್ಷಸರನ್ನು ದಹಿಸಿದ ಸ್ಥಳಗಳೆಂದು ಜನರು ನಂಬಿದ್ದರು. ಹಂಪೆಯ ಬಳಿಯ ನಿಂಬಾಪುರದ ದಿಬ್ಬವು ವಾಲಿಯ ಚಿತಾಭಸ್ಮವೆಂದು ಇಂದಿಗೂ ಪ್ರತೀತಿಯಿದೆ. ಜ್ವಾಲಾಮುಖಿಯ ಬೂದಿಯಿರಬಹುದೆಂದು ತರ್ಕಿಸಿದವರೂ ಇದ್ದರು. ಫೂಟರು ಕಥೆಯನ್ನು ಪರಿಹಾಸ್ಯ ಮಾಡಲಿಲ್ಲ, ನಂಬಲೂ ಇಲ್ಲ. ಬೂದಿಯ ಪದರುಗಳನ್ನೂ ಕಾವಿಗೆ ಕರಗಿ ಗಾಜಿನಂತಾದ ಗಟ್ಟಿಗಳನ್ನೂ ಅಲ್ಲಿಯೇ ಸಿಕ್ಕ ನಯಗೊಳಿಸಿದ ಕಲ್ಲುಕೊಡಲಿಗಳನ್ನೂ ಮಡಕೆಯ ಚೂರುಗಳನ್ನೂ ದನಗಳ ಎಲುಬುಗಳನ್ನೂ ಜತೆಗಿಟ್ಟು ಯೋಚಿಸಿ, ಇದು ದನಗಾಹಿಗಳಾದ ನವಶಿಲಾಯುಗದ ಜನರ ಕಾಲದಲ್ಲಿ ಸಗಣಿಯು ಸುಟ್ಟು ಆದ ಬೂದಿಯೆಂದು ತೀರ್ಮಾನಿಸಿದರು. ಮುಂದಿನ ಶತಮಾನದ ಉತ್ಖನನಗಳು ಈ ಅಭಿಪ್ರಾಯವನ್ನೇ ಸ್ಥಿರಪಡಿಸಿದುವು. ಸಂಗನಕಲ್ಲಿನ ಬೆಟ್ಟಗಳಲ್ಲಿ ಕಲ್ಲುಕೊಡಲಿಗಳನ್ನು ಮಾಡುತ್ತಿದ್ದ ನೆಲೆಯನ್ನು ಬೆಳಕಿಗೆ ತಂದುದರಲ್ಲಿಯೂ ಅವರ ಪಾತ್ರ ದೊಡ್ಡದು. ಬಳ್ಳಾರಿ ಜಿಲ್ಲೆಯ ಭೂಗರ್ಭವನ್ನು ಕುರಿತ ಅವರ ಗ್ರಂಥವು 1895ರಲ್ಲಿ ಪ್ರಕಟವಾಯಿತು.

1891ರಲ್ಲಿ ನಿವೃತ್ತರಾದ ಮೇಲೂ ಅವರು ಕೈಕಟ್ಟಿ ಕೂಡಲಿಲ್ಲ. ಬರೋಡೆಯ ಸಂಸ್ಥಾನಕ್ಕಾಗಿ ಕೆಲಸ ಮಾಡಿದರು. 1894ರಲ್ಲಿ ಮೈಸೂರು ಸಂಸ್ಥಾನವು ತನ್ನದೇ ಆದ ಭೂಗರ್ಭ ಇಲಾಖೆಯನ್ನು ಸ್ಥಾಪಿಸಿದಾಗ ಅದರ ಆರಂಭದ ಹೊಣೆಯನ್ನು ಹೊತ್ತರು. ಏರ್ಕಾಡಿನ ಬೆಟ್ಟದ ಮೇಲೆ ಮನೆ ಮಾಡಿಕೊಂಡು, ನಾಲ್ವತ್ತು ವರ್ಷಗಳಿಂದ ಕೂಡಿಸಿದ ಪ್ರಾಚೀನ ವಸ್ತುಗಳಿಗೆ ಪಟ್ಟಿಯನ್ನು ಬರೆಯತೊಡಗಿದರು. 400ಕ್ಕೂ ಹೆಚ್ಚು ನೆಲೆಗಳಿಂದ ಬಂದ ಆ ಸಂಗ್ರಹವನ್ನು 1904ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯವು ಕೊಂಡುಕೊಂಡಿತು. 1912ನೆಯ ಇಸವಿ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಫೂಟರು ಕಾಲವಶರಾದರು. ಅವರ ಸ್ಮಾರಕವು ಏರ್ಕಾಡಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿದೆ. ಸಂಗ್ರಹದ ಪಟ್ಟಿಯು 1914ರಲ್ಲಿಯೂ ಅದರ ಟಿಪ್ಪಣಿಗಳು 1916ರಲ್ಲಿಯೂ, ಬರೆದವರು ನೋಡಲಾಗದಂತೆ, ಅಚ್ಚಾದುವು.

ಫೂಟರ ತೀರ್ಮಾನಗಳೆಲ್ಲ ಉಳಿದಿಲ್ಲವೆಂಬುದನ್ನೂ ಹೇಳಬೇಕು. ಹಳೆಯ ಶಿಲಾಯುಗಕ್ಕೂ ನವಶಿಲಾಯುಗಕ್ಕೂ ನಡುವೆ ಈ ದೇಶದಲ್ಲಿ ಮನುಷ್ಯರ ಕುರುಹಿಲ್ಲದ ದೀರ್ಘವಾದ ಬಿಡುವೊಂದಿದ್ದಿತೆಂದು ಅವರು ಎಣಿಸಿದ್ದರು. ಅನಂತರದ ಶೋಧನೆಗಳು ಆ ಬಿಡುವನ್ನು ತುಂಬಿ, ಆ ಎಣಿಕೆಯನ್ನು ತಳ್ಳಿಹಾಕಿದುವು. ಆದರೆ ಅವರು ತಪ್ಪಿದ್ದೆಲ್ಲಿ ಎಂದು ತೋರಿಸಲು ಸಾಧ್ಯವಾದುದೂ ಅವರದೇ ಪಟ್ಟಿಯಿಂದ. ಪ್ರತಿಯೊಂದು ವಸ್ತುವಿನ ಎದುರಿಗೂ ಅದು ಸಿಕ್ಕ ಊರು ಬರೆದಿದ್ದುದರಿಂದ ಮುಂದಿನವರು ಅದೇ ನೆಲಕ್ಕೆ ಹೋಗಿ ಮತ್ತೊಮ್ಮೆ ನೋಡಿದರು. ಊರಿನ ಹೆಸರಿಲ್ಲದ ಕಲ್ಲು ಬರಿಯ ಕಲ್ಲು. ಹೆಸರಿದ್ದರೆ ಅದು ಸಾಕ್ಷಿ. ಫೂಟರ ಜೀವಿತದ ತಾತ್ಪರ್ಯವೆಲ್ಲ ಇಷ್ಟೇ ಎಂದರೂ ತಪ್ಪಾಗಲಾರದು.

ಅವರು ತೆರೆದ ದಾರಿಯಲ್ಲಿ ನಮ್ಮವರೂ ದೂರ ನಡೆದಿದ್ದಾರೆ. ಸಿ. ಮಹಾದೇವನ್ನರು ಹೈದರಾಬಾದು ಸಂಸ್ಥಾನದ ಭೂಗರ್ಭ ಇಲಾಖೆಯಲ್ಲಿದ್ದು ಕಲಬುರಗಿ ಸೀಮೆಯನ್ನು ಸುತ್ತಿ, ಭೀಮಾ ಶ್ರೇಣಿಯನ್ನು ಕೆಳಗಣದು, ನಡುವಣದು, ಮೇಲಣದು ಎಂದು ವಿಂಗಡಿಸಿ 1947ರಲ್ಲಿ ಪ್ರಕಟಿಸಿದರು. ಅದೇ ಭೀಮಾ ಸುಣ್ಣಗಲ್ಲಿನಿಂದ ಆದಿಮಾನವನು ಆಯುಧಗಳನ್ನು ಕಡಿದ ಸ್ಥಳವೊಂದು ಸುರಪುರದ ಸೀಮೆಯ ಇಸಾಂಪುರದಲ್ಲಿದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1990ರ ದಶಕದ ಕೊನೆಯಲ್ಲಿ ಅಲ್ಲಿ ಉತ್ಖನನ ನಡೆಸಿದರು. ಅದರ ಕಾಲವನ್ನು ಸುಮಾರು 12 ಲಕ್ಷ ವರ್ಷಗಳೆಂದು ಎಣಿಸಲಾಗಿದೆ. ಅಂದರೆ ನಾವು ಇಂದು ಅಂಗಳಕ್ಕೆ ಹಾಸುವ ಫರಸಿಯ ಕುಲದ ಕಲ್ಲೇ ಅಂದಿನವರ ಕೈಯಲ್ಲಿ ಕೊಡಲಿಯಾಗಿದ್ದಿತು.

ಈಗ ನಮ್ಮ ಹುಡುಗನ ತಟ್ಟೆಗೆ ಹಿಂದಿರುಗೋಣ. ಕಲಬುರಗಿಯ ವಿದ್ಯಾರ್ಥಿಗೆ ದೈವವು ಒದಗಿಸಿರುವ ಪ್ರಯೋಗಶಾಲೆ ಸಾಮಾನ್ಯವಾದುದಲ್ಲ. ನಗರವೂ ಅಲ್ಲಿಂದ ಈಶಾನ್ಯಕ್ಕೆ ಹುಮನಾಬಾದಿನ ಹಾದಿಯಲ್ಲಿರುವ ಕಮಲಾಪುರವೂ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿ ಹರಿದು ಹೆಪ್ಪುಗಟ್ಟಿದ ಕರಿಗಲ್ಲಿನ ಮೇಲೆ ಕುಳಿತಿವೆ. ಬೀದರದ ಕಡೆಗೆ ನಡೆದರೆ ಅದೇ ಕರಿಗಲ್ಲು ಬಿಸಿಲುಮಳೆಗಳಿಗೆ ಕೊಳೆತು ಕೆಂಪಾದ ಜಂಬಿಟ್ಟಿಗೆ ಕಲ್ಲು ಸಿಕ್ಕುವುದು. ದಕ್ಷಿಣಕ್ಕೆ ಶಹಾಬಾದಿಗೆ ಹೋದರೆ ಹಳೆಯ ಸಮುದ್ರದ ತಳದಲ್ಲಿ ಪದರುಪದರಾಗಿ ಕೂತ ಫರಸಿ. ಇನ್ನೂ ತೆಂಕಲಿಗೆ, ಭೀಮೆಯನ್ನು ದಾಟಿದರೆ, ಎಲ್ಲಕ್ಕೂ ಅಡಿಪಾಯವಾದ ಗ್ರಾನೈಟು. ಬೇರೆ ದೇಶದ ಹುಡುಗನು ಪಠ್ಯಪುಸ್ತಕದ ಚಿತ್ರಗಳಲ್ಲಿ ನೋಡುವುದನ್ನು ನಮ್ಮವನು ಬಸ್ಸಿನ ಕಿಟಕಿಯಿಂದ ನೋಡಬಲ್ಲನು.

ಕಮಲಾಪುರವು ಕೆಂಪು ಬಾಳೆಹಣ್ಣಿಗೆ ಹೆಸರಾದ ಊರೆಂದು ಎಲ್ಲರೂ ಬಲ್ಲರು. ಅಲ್ಲಿಯ ಕರಿಗಲ್ಲಿನ ಬಿಳಿಯ ಚುಕ್ಕೆಗಳ ಮಾತನ್ನೂ ಕೇಳಿರಿ. ಶಿಲಾರಸವು ಆರುವಾಗ ಅದರೊಳಗಿನ ಅನಿಲವು ಗುಳ್ಳೆಗಳಾಗಿ ನಿಂತು ಕುಳಿಗಳಾದುವು. ಆಮೇಲೆ ನೀರು ತಂದ ಖನಿಜಗಳು ಆ ಕುಳಿಗಳನ್ನು ತುಂಬಿದುವು. ತುಂಬಿದ್ದು ಏನೆಂದು ತಿಳಿಯಲು ಯಂತ್ರವೇ ಬೇಕಾಗಿಲ್ಲ. ತೆಳುಮಾಡಿದ ಹೈಡ್ರೊಕ್ಲೋರಿಕ್ ಆಮ್ಲದ ಒಂದು ಹನಿ ಬಿದ್ದೊಡನೆ ನೊರೆಗಟ್ಟಿದರೆ ಕ್ಯಾಲ್ಸೈಟು. ನೊರೆ ಬರದೆ ಗಾಜನ್ನು ಸರಾಗವಾಗಿ ಗೀರಿದರೆ ಬೆಣಚು. ನೊರೆಯೂ ಬರದೆ ಗಾಜನ್ನೂ ಗೀರಲಾರದೆ ಹೋದರೆ ಬಹುತರ ಜಿಯೋಲೈಟು. ಹುಡುಗನಿಗೆ ಈ ಮೂರು ಪರೀಕ್ಷೆಗಳೂ ಗೊತ್ತಿದ್ದುವು. ರೆಕಾರ್ಡಿನಲ್ಲಿ ಅಂದವಾಗಿ ಬರೆದೂ ಇದ್ದನು. ದಾರಿಯ ಕಲ್ಲಿನ ಮೇಲೆ ಅವನ್ನು ಪ್ರಯೋಗಿಸಬಹುದೆಂದು ಅವನಿಗೆ ತೋಚಿರಲಿಲ್ಲ, ಅಷ್ಟೇ ಕೊರತೆ.

ಈ ಕೊರತೆಯು ಅಲ್ಪವೆಂದು ಉಪೇಕ್ಷಿಸತಕ್ಕುದಲ್ಲ. ರಸ್ತೆಗಾಗಿ, ಜಲ್ಲಿಗಾಗಿ, ಸಿಮೆಂಟಿಗಾಗಿ ದಿನೇದಿನೇ ನಮ್ಮ ದಿಬ್ಬಗಳು ಕರಗುತ್ತಿವೆ. ಫೂಟರು ಕಂಡ ಸಂಗನಕಲ್ಲಿನ ಸುತ್ತಲೂ ಕಲ್ಲುಗಣಿಗಾರಿಕೆಯು ಪ್ರಾಚೀನ ಕುರುಹುಗಳಿಗೆ ಅಪಾಯ ತಂದಿದೆ. ಒಡೆಯುವ ಮೊದಲು ಇದೇನೆಂದು ಕೇಳಬಲ್ಲವರು ಊರೂರಿಗೊಬ್ಬರಾದರೂ ಇಲ್ಲದಿದ್ದರೆ ಲಕ್ಷಾಂತರ ವರ್ಷಗಳ ದಾಖಲೆಯು ಒಂದು ಲಾರಿಯಲ್ಲಿ ಹೊರಟುಹೋಗುವುದು. ವರ್ಷವೊಂದರ ಸಣ್ಣ ವ್ಯಾಸಂಗವು ಎಲ್ಲರನ್ನೂ ಫೂಟರನ್ನಾಗಿ ಮಾಡದು. ಆದರೆ ಅಂತಹ ಒಬ್ಬೊಬ್ಬರನ್ನು ಊರೂರಿಗೆ ಒದಗಿಸಬಲ್ಲದು. ಆದುದರಿಂದ ನಮ್ಮ ಸೂಚನೆ ಇಷ್ಟೇ: ಕೊಂಡು ತಂದ ಪೆಟ್ಟಿಗೆಯ ಕಲ್ಲುಗಳನ್ನು ಮುಟ್ಟುವ ಮೊದಲು ಈ ಭಾಗದ ಪ್ರತಿಯೊಬ್ಬ ವಿದ್ಯಾರ್ಥಿಯೂ ಕಮಲಾಪುರದ್ದೊಂದು, ಬೀದರದ್ದೊಂದು, ಶಹಾಬಾದಿನದೊಂದು, ಭೀಮೆಯಾಚೆಯದೊಂದು, ಹೀಗೆ ನಾಲ್ಕು ಕಲ್ಲುಗಳನ್ನು ತಾನೇ ಎತ್ತಿ ತರಲಿ. ಸಿಕ್ಕ ಊರು, ದಿನ, ತಂದವನ ಹೆಸರು ಇವನ್ನು ಚೀಟಿಯಲ್ಲಿ ಬರೆದು ಕಪಾಟಿನಲ್ಲಿಡಲಿ. ಇದಕ್ಕೆ ಸರ್ಕಾರದ ಮಂಜೂರಾತಿಯ ಅಗತ್ಯವಿಲ್ಲ.

ಕಳೆದ ವಾರ ಆ ಹುಡುಗನು ಮತ್ತೊಮ್ಮೆ ಕಮಲಾಪುರಕ್ಕೆ ಹೋಗಿಬಂದನು. ಈ ಸಲ ಜೇಬಿನಲ್ಲಿ ಒಂದು ಗಾಜಿನ ತುಂಡನ್ನೂ ಚೀಟಿಗಳನ್ನೂ ಇಟ್ಟುಕೊಂಡಿದ್ದನು. ಅವನು ತಂದ ಕಲ್ಲು ಈಗ ನಮ್ಮ ಮೇಜಿನ ಮೇಲಿದೆ. ಬೆಣಚೆಂದೂ ಕಮಲಾಪುರವೆಂದೂ ಅವನ ಕೈಯಲ್ಲಿಯೇ ಬರೆದಿದೆ.